ನಾಲ್ಕು ನಿಮಿಷದಲ್ಲಿ ಗುಣವಾದ ಮಿದುಳು

ಚಾಲಕರ ಅರ್ಹತಾ ಪತ್ರಕ್ಕೆ ಸಹಿ ಹಾಕುವ ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ಏಳರ ಗೋಕಾಕ–ಮೂಡಲಗಿ ಬಸ್ಸನ್ನು ಅದರ ಹಳೆಯ ಚಾಲಕ ಮಾಲಿಂಗ ಅವರೇ ಓಡಿಸಬೇಕೆಂದು ನೀವು ಬರೆದುಕೊಟ್ಟಿದ್ದೀರಿ. ಹನ್ನೊಂದು ವರ್ಷಗಳಿಂದ ಅದೇ ಬಸ್ಸಿನಲ್ಲಿ ಅನುವಾದಿತ ಕಾದಂಬರಿ ಓದುತ್ತ ಓಡಾಡುವ ನಾನು, ನಿಮ್ಮ ಆ ಸಹಿ ತಪ್ಪು ಎನ್ನುತ್ತೇನೆ.

ಕಳೆದ ಜನವರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು, ಅವರು ಬ್ರೇಕ್ ಒತ್ತಿದಾಗ ತಲೆ ಕಂಬಿಗೆ ಬಡಿಯಿತು. ಬಸ್ಸಿನಲ್ಲಿದ್ದ ನಮಗೆ ಯಾರಿಗೂ ಗೀರು ಸಹ ಬೀಳಲಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಆದರೂ ಅವರ ಗಮನ ತಪ್ಪತೊಡಗಿತು; ಮೂರು ತಿಂಗಳಾದರೂ ಅದು ಸರಿಹೋಗದಿದ್ದಾಗ ಪುಣೆಯಲ್ಲಿ ಹೊಸ ಬಗೆಯ ಎಂ.ಆರ್.ಐ. ಮಾಡಿಸಿದರು. ಮಿದುಳಿನ ಒಂದು ಭಾಗದ ಸುದ್ದಿಯನ್ನು ಇನ್ನೊಂದಕ್ಕೆ ಒಯ್ಯುವ ಸಣ್ಣ ನರತಂತುಗಳು ಅಲ್ಲಲ್ಲಿ ಹರಿದಿರುವುದು ಅದರಲ್ಲಿ ಕಂಡಿತು. ಒಮ್ಮೆಗೇ ಎರಡು ಕಡೆ ಗಮನ ಇಡುವ ಶಕ್ತಿ ಒಂದು ವರ್ಷದಲ್ಲಿ ಮರಳಬಹುದು, ಅಲ್ಲಿಯವರೆಗೆ ವಾಹನ ಓಡಿಸಬಾರದು ಎಂದು ವರದಿ. ಇಂಗ್ಲಿಷಿನ ಆ ವರದಿಯನ್ನು ಓದಿ ಹೇಳಲೆಂದೇ ಅವರ ಹೆಂಡತಿ ಸತ್ತೆವ್ವ ಅವರ ಜೊತೆ ನನ್ನನ್ನೂ ನಿಮ್ಮ ಕಚೇರಿಗೆ ಕರೆತಂದಿದ್ದರು.

ನೀವು ಕೇಳಿದ ಮೊದಲ ಪ್ರಶ್ನೆ: “ಏನಪಾ ಮಾಲಿಂಗ, ನಿನ್ನ ಹೆಸರೇನು?”

ಉತ್ತರ ಸರಿ ಬಂತು. ಉತ್ತರವನ್ನೂ ನೀವೇ ಒದಗಿಸುವ ಪರೀಕ್ಷೆಯಲ್ಲಿ ನಪಾಸಾಗುವುದು ಕಷ್ಟ. ಕೈ ಎತ್ತು ಎಂದಿರಿ, ಎತ್ತಿದರು. ಗೋಡೆಯ ಮೇಲಿನ ಕ್ಯಾಲೆಂಡರ್ ಓದು ಎಂದಿರಿ, ಓದಿದರು.

ಸತ್ತೆವ್ವ ತಡೆಯಲಾರದೆ ಹೇಳಿದರು: “ಸಾಹೇಬ್ರ, ಒಂದ ಕೆಲಸ ಮಾಡಾಕ ಬರತೈತ್ರಿ, ಎರಡು ಕೂಡಿ ಬರಂಗಿಲ್ಲ. ಹಾಲ ಹಾಕೂವಾಗ ಮಾತಾಡಿಸಿದ್ರ ತಂಬಿಗಿ ತುಂಬಿ ಹರದ್ರೂ ಗೊತ್ತಾಗಂಗಿಲ್ಲ.”

“ಹಂಗಾರ ಮಾತಾಡಸಬ್ಯಾಡ ಬಿಡ ಯವ್ವಾ!” ಎಂದು ನೀವು ನಕ್ಕಿರಿ. ವರದಿಯನ್ನು ನನ್ನತ್ತ ತಳ್ಳಿದಿರಿ: “‘ಮರಳಬಹುದು’ ಅಂದ್ರ ಏನ್ರಿ? ಖರೆ ಹೇಳಾಕ ಬರದ ಮಿಷನ್ ಯಾಕ ಬೇಕು?”

ಮಾನ್ಯರೇ, ಆ ಯಂತ್ರ ನಲವತ್ತು ನಿಮಿಷ ಅವರ ತಲೆಯೊಳಗೆ ನೋಡಿ, ಆಮೇಲೂ ‘ಬಹುದು’ ಎಂದಿತು. ನೀವು ನಾಲ್ಕು ನಿಮಿಷ ಹೊರಗಿನಿಂದ ನೋಡಿ ‘ಗುಣವಾಗಿದೆ’ ಎಂದಿರಿ. ಇಬ್ಬರಲ್ಲಿ ತನ್ನ ಮಿತಿ ಗೊತ್ತಿರುವುದು ಯಾರಿಗೆ? ರಸ್ತೆಯ ಮೇಲೆ ಎಮ್ಮೆ, ಎದುರಿಗೆ ಲಾರಿ, ಹಿಂದಿನಿಂದ ಕಂಡಕ್ಟರನ ಸೀಟಿ ಎಲ್ಲ ಒಟ್ಟಿಗೇ ಬರುತ್ತವೆ. ಒಂದೊಂದಾಗಿ ಬನ್ನಿ ಎಂದು ಅವಕ್ಕೂ ನಿಮ್ಮ ಕಚೇರಿಯಿಂದ ಸುತ್ತೋಲೆ ಹೋಗಿದೆಯೇ?

ಒಂದು ವರ್ಷ ಅವರಿಗೆ ಡಿಪೋದಲ್ಲಿ ಕೆಲಸ ಕೊಡಿ. ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ, ಆಮೇಲೆ ತೀರ್ಮಾನಿಸಿ. ಭಾನುವಾರದೊಳಗೆ ಆ ಸಹಿಯನ್ನು ಹೊಡೆದುಹಾಕಿ.

ನಿಮ್ಮ ಕಚೇರಿಯ ಮೆಟ್ಟಿಲಿಳಿಯುವಾಗ ಮಾಲಿಂಗ ನನ್ನ ತೋಳು ಹಿಡಿದು ನಿಲ್ಲಿಸಿದರು. “ನಾ ಹೋಗಲಿಲ್ಲಂದ್ರ ನೌಕರಿ ಹೊಕ್ಕೈತ್ರಿ. ನೀವರ ಸೋಮವಾರ ನನ್ನ ಗಾಡಿ ಹತ್ತಬ್ಯಾಡ್ರಿ, ಸರ.”

ನನಗೇನೋ ಹೇಳಿದರು. ಉಳಿದ ಐವತ್ತು ಮಂದಿಗೆ ಯಾರು ಹೇಳಬೇಕು? ಅದಕ್ಕೇ ಇದನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸಿದ್ದೇನೆ.

ಇಂತಿ,
ಸೈಕಲ್ಲಿಗೆ ಗಾಳಿ ಹೊಡೆಸಿಟ್ಟುಕೊಂಡಿರುವ,
ನೇಮಿನಾಥ, ಗೋಕಾಕ