ಗುಂಪಿನ ಟೈಮು, ಗಾಡಿ ಟೈಮು

ವಿಮಾನ ನಿಲ್ದಾಣ, ಎರಡನೇ ಮಹಡಿ,
ಕಿಟಕಿ ಪಕ್ಕದ ಬೆಂಚು,
ಗುರುವಾರ ಬೆಳಿಗ್ಗೆ

ಪ್ರೀತಿಯ ಅತ್ತೆಗೆ,

ನಿನ್ನ ಬಾಲದ ನಮಸ್ಕಾರಗಳು. ಹೇಗಿದ್ದೀಯ? ತಲೆನೋವು ಕಡಿಮೆ ಆಯಿತೇ, ರಾತ್ರಿ ಒಂದಿಷ್ಟಾದರೂ ಕಣ್ಣು ಮುಚ್ಚಿದೆಯಾ, ಕೇಳಿದ್ದಕ್ಕೆ ಎರಡನೇ ದಿಂಬು ಕೊಟ್ಟರೇ? ತಲೆಯ ಆಪರೇಷನ್ನಿಗೆ ಕಾದು ಮಲಗಿರುವವಳನ್ನು ಹೀಗೆ ಆರೋಗ್ಯ ವಿಚಾರಿಸುವುದು ಪೆದ್ದುತನ ಎಂದು ಗೊತ್ತು. ಆದರೆ ಕಾಗದ ಅಂದಮೇಲೆ ಮೊದಲು ಕ್ಷೇಮ, ಆಮೇಲೆ ಸಮಾಚಾರ ಎಂದು ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟ ದಿನ ಟ್ರಂಕಿನ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟವಳು ನೀನೇ. ನನ್ನದು ಅರ್ಧ ಟಿಕೆಟ್ಟಿನ ಕನ್ನಡ ಎಂದು ಆಡಿಕೊಳ್ಳುತ್ತೀಯಲ್ಲ, ಇವತ್ತು ಇಂಗ್ಲಿಷ್ ಎಲ್ಲೆಲ್ಲಿ ನುಸುಳುತ್ತದೋ ನುಸುಳಲಿ, ತಿದ್ದಿ ಬರೆಯುವಷ್ಟು ನೆಮ್ಮದಿ ನನಗಿಲ್ಲ.

ಕಾಗದ ಯಾಕೆ ಅಂದರೆ, ನಿನ್ನ ಡಾಕ್ಟರು ನಿನ್ನೆ ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದರು. ಮಿದುಳಿನ ಗಂಟು ಮಾತಿನ ಜಾಗಕ್ಕೇ ಅಂಟಿಕೊಂಡು ಕೂತಿದೆಯಂತೆ. ತೆಗೆದ ಮೇಲೆ ನೀನು ಮಾತಾಡಬಹುದು, ಆಡದೆಯೂ ಇರಬಹುದು, ಓದಿ ಅರ್ಥ ಮಾಡಿಕೊಳ್ಳುವುದು ಮಾತ್ರ ಉಳಿಯುವ ಚಾನ್ಸ್ ಜಾಸ್ತಿ ಎಂದರು. ಹಾಗಾಗಿ ನೀನು ಎದ್ದ ಮೇಲೆ ಓದಲಿ ಎಂದು ಬರೆಯುತ್ತಿದ್ದೇನೆ. ಆದರೆ ಅತ್ತೆ, ನಾನು ಹೊರಟದ್ದು ಕಾಗದ ತಲುಪಿಸುವುದಕ್ಕಲ್ಲ. ಅವರು ನಿನ್ನನ್ನು ಒಳಗೆ ಕರೆದುಕೊಂಡು ಹೋಗುವ ಮೊದಲು ಒಂದು ಸಲ ನಿನ್ನೆದುರು ನಿಂತು ನಿನ್ನ ಬಾಯಲ್ಲಿ ಬೈಸಿಕೊಳ್ಳಬೇಕು. ನಿನ್ನ ಕೈ ಆಮೇಲೂ ಸಿಗುತ್ತದೆ, ಮುಖ ಸಿಗುತ್ತದೆ, ಧ್ವನಿ ಸಿಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇಲ್ಲಿ ನೋಡಿದರೆ ಹೊರಗೆ ಮಂಜು, ಕಿಟಕಿಗೆ ಸುಣ್ಣ ಬಳಿದ ಹಾಗೆ. ರೆಕ್ಕೆಯ ತುದಿಯ ಕೆಂಪು ದೀಪ ಬಿಟ್ಟರೆ ವಿಮಾನವೇ ಕಾಣುವುದಿಲ್ಲ. ಬೋರ್ಡಿನಲ್ಲಿ ನನ್ನ ಕನೆಕ್ಟಿಂಗ್ ಫ್ಲೈಟಿನ ಮುಂದೆ ತಡ ಎಂದಿದ್ದದ್ದು ಈಗ ಇನ್ನೂ ತಡ ಎಂದಾಗಿದೆ. ಕೌಂಟರಿನ ಹುಡುಗಿಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ನಾನು ಬೆಂಚಿನಿಂದ ಎದ್ದ ಕೂಡಲೇ ಅವಳು ದೂರದಿಂದಲೇ ಇಲ್ಲ ಎಂದು ತಲೆ ಅಲ್ಲಾಡಿಸುತ್ತಾಳೆ. ಬಸ್ಸು ಇದೆಯಾ, ರೈಲು ಇದೆಯಾ ಎಂದೂ ವಿಚಾರಿಸಿದೆ. ಯಾವುದರಲ್ಲಿ ಹೋದರೂ ನಾಳೆಯೇ.

ತಲೆ ಕೆಡದಿರಲಿ ಎಂದು ನಿನ್ನ ಪಾಠಗಳನ್ನೇ ಹಿಡಿದುಕೊಂಡು ಕೂತಿದ್ದೇನೆ. ಇಳಿದ ತಕ್ಷಣ ಮೊದಲು ಬಾತ್‌ರೂಮ್ ಎಲ್ಲಿ, ಆಮೇಲೆ ಕುಡಿಯುವ ನೀರು ಎಲ್ಲಿ, ಆಮೇಲೆ ಗೇಟು ಎಲ್ಲಿ ಎಂದು ನೋಡಿಕೊಂಡೆ. ಪಾಸ್‌ಪೋರ್ಟು ಒಳಜೇಬಿನಲ್ಲಿದೆ, ಹೊರಗಿನಿಂದ ತಟ್ಟಿ ನೋಡಿಕೊಳ್ಳುತ್ತಿಲ್ಲ. ಹಾಗೆ ತಟ್ಟಿಕೊಳ್ಳುವವರೇ ಕಳ್ಳನಿಗೆ ಅಡ್ರೆಸ್ ಕೊಡುವವರು ಅನ್ನುತ್ತಿದ್ದೆಯಲ್ಲ. ಚಾರ್ಜರು ಕಾಲುಚೀಲದೊಳಗೆ, ಕಾಲುಚೀಲ ಶೂ ಒಳಗೆ. ಸೂಟ್‌ಕೇಸ್ ಬೇರೆ ಊರಿಗೆ ಹೋದರೂ ಮಾನ ಉಳಿಯಲಿ ಎಂದು ಒಂದು ಜೊತೆ ಬಟ್ಟೆ ಕೈಚೀಲದಲ್ಲಿ. ಸೆಕ್ಯುರಿಟಿಯಲ್ಲಿ ಕ್ಯೂ ಎಷ್ಟು ಉದ್ದ ಇದೆ ಎಂದು ನೋಡಲಿಲ್ಲ, ಅದರಲ್ಲಿ ಯಾರಿದ್ದಾರೆ ಎಂದು ನೋಡಿದೆ. ಲ್ಯಾಪ್‌ಟಾಪ್ ಚೀಲ ಒಂದೇ ಇರುವವರ ಹಿಂದೆ ನಿಂತೆ, ಮಕ್ಕಳು ಮತ್ತು ಲೇಸು ಕಟ್ಟಿದ ಬೂಟು ಇರುವವರ ಹಿಂದೆ ನಿಲ್ಲಲಿಲ್ಲ. ನಾನು ಆಚೆ ಬಂದಾಗ ನನಗಿಂತ ಮೊದಲೇ ನಿಂತಿದ್ದ ಎರಡು ಕುಟುಂಬದವರು ಇನ್ನೂ ಬೆಲ್ಟು ಬಿಚ್ಚುತ್ತಿದ್ದರು. ನಿನಗೆ ತೋರಿಸೋಣವೆಂದು ಹೆಮ್ಮೆಯಿಂದ ಹಿಂದಿರುಗಿ ನೋಡಿದೆ. ಅಲ್ಲಿ ಯಾರಿರುತ್ತಾರೆ.

ಅಮ್ಮ ಹೋದ ಮೇಲೆ ನನ್ನ ಒಂದೊಂದು ಬೇಸಿಗೆ ರಜೆಯೂ ನಿನ್ನ ಟೂರುಗಳಲ್ಲೇ ಕಳೆಯಿತು. ಹಾಸ್ಟೆಲ್ಲಿನ ಬೇರೆ ಹುಡುಗಿಯರು ಮನೆಗೆ ಹೋಗುತ್ತಿದ್ದರು, ನಾನು ವಿದೇಶಕ್ಕೆ ಹೋಗುತ್ತಿದ್ದೆ. ಅವರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು, ನನಗೆ ಅವರ ಮೇಲೆ. ಟೂರ್ ಮ್ಯಾನೇಜರಮ್ಮ ನೀನು ಎಲ್ಲರಿಗಿಂತ ಮುಂದೆ, ನಾನು ಎಲ್ಲರಿಗಿಂತ ಹಿಂದೆ, ಅಂಗಡಿಯೊಳಗೆ ಸಿಕ್ಕಿಕೊಂಡವರನ್ನೂ ಮಂಡಿನೋವಿನವರನ್ನೂ ಒಟ್ಟು ಮಾಡಿಕೊಂಡು ಬರುತ್ತಿದ್ದೆ. ಅದಕ್ಕೇ ಬಾಲ ಎಂದು ಹೆಸರು ಬಿತ್ತು. ಬೇರೆ ಗುಂಪಿನ ಮ್ಯಾನೇಜರುಗಳು ಛತ್ರಿಯನ್ನೋ ಬಾವುಟವನ್ನೋ ಎತ್ತಿ ಹಿಡಿದರೆ ನೀನು ಕೆಂಪು ರಿಬ್ಬನ್ ಕಟ್ಟಿದ ಸೌಟು ಎತ್ತುತ್ತಿದ್ದೆ. ಛತ್ರಿ ನೂರಿರುತ್ತವೆ, ಸೌಟು ಕಂಡರೆ ನಮ್ಮ ಜನ ಕರೆಯದೆಯೇ ಬರುತ್ತಾರೆ ಅನ್ನುತ್ತಿದ್ದೆ. ಒಮ್ಮೆ ಸೆಕ್ಯುರಿಟಿಯವನು ಅದನ್ನು ಎತ್ತಿಟ್ಟುಕೊಂಡಾಗ, ಇದು ಆಯುಧ ಹೌದು, ಆದರೆ ಮನೆಯಲ್ಲಿ ಮಾತ್ರ ಎಂದು ಅವನನ್ನು ನಗಿಸಿ ವಾಪಸ್ಸು ಇಸಿದುಕೊಂಡಿದ್ದೆ.

ರಿಟೈರ್ಡ್ ಹೆಡ್‌ಮಾಸ್ಟರು ನೆನಪಿದ್ದಾರಾ? ಹೋಟೆಲ್ಲಿನ ಕಾರ್ಡು ಜೇಬಿನಲ್ಲಿರಲಿ, ದಾರಿ ತಪ್ಪಿದರೆ ಟ್ಯಾಕ್ಸಿಯವನಿಗೆ ತೋರಿಸಿ, ಭಾಷೆ ಬೇಕಾಗಿಲ್ಲ ಎಂದು ನೀನು ದಿನಾ ಮೈಕಿನಲ್ಲಿ ಹೇಳುತ್ತಿದ್ದೆ. ಅವರು ಪಾಪ ಮೊದಲ ಊರಿನಲ್ಲೇ ಕಾರ್ಡು ಇಟ್ಟುಕೊಂಡರು, ಊರು ಬದಲಾದರೂ ಕಾರ್ಡು ಬದಲಾಯಿಸಲಿಲ್ಲ. ಟ್ಯಾಕ್ಸಿಯವನು ಅದನ್ನು ಓದಿ, ಇದು ಗಡಿಯಾಚೆಯ ಹೋಟೆಲ್ಲು ಎಂದು ಅವರನ್ನು ರೈಲ್ವೆ ಸ್ಟೇಷನ್ನಿನಲ್ಲಿ ಇಳಿಸಿ ಹೋದ. ನಾವು ಹುಡುಕಿಕೊಂಡು ಹೋದಾಗ ಟಿಕೆಟ್ಟಿನ ಕ್ಯೂನಲ್ಲಿ ಶಿಸ್ತಾಗಿ ನಿಂತಿದ್ದರು. ನೀನು ಬೈಯಲಿಲ್ಲ, 'ಸರ್, ಬೆಲ್ ಹೊಡೀತು, ಬನ್ನಿ ಮನೆಗೆ ಹೋಗೋಣ' ಅಂದೆ. ಇಮಿಗ್ರೇಷನ್ನಿನಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ಎಷ್ಟು ಹೇಳಿದರೂ ಟೈಲರ್ ಹೆಂಡತಿ, ಯಾಕೆ ಬಂದಿರಿ ಎಂದಿದ್ದಕ್ಕೆ ಸೊಸೆಯ ಜೊತೆ ಜಗಳ ಶುರುವಾದಲ್ಲಿಂದ ಹೇಳಲು ಹೊರಟರು. ಅಧಿಕಾರಿ ಕಂಗಾಲಾಗಿ ನಿನ್ನನ್ನು ಕರೆದ. ನೀನು ಒಂದು ಮಾತೂ ಬಿಡದೆ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಮನೆಯಲ್ಲೂ ಇದೇ ಕಥೆ ಎಂದು ಅವನು ಸೀಲು ಒತ್ತಿಬಿಟ್ಟ. ನೋಡಿದ ಕಟ್ಟಡಗಳೆಲ್ಲ ನನಗೆ ಒಂದಕ್ಕೊಂದು ಕಲೆಸಿಹೋಗಿವೆ, ನಿನ್ನ ಮಾತು ಮಾತ್ರ ಒಂದೂ ಮರೆತಿಲ್ಲ. ಸಂಜೆ ರೂಮಿಗೆ ಬಂದರೆ ನಿನ್ನ ಗಂಟಲು ಕಟ್ಟಿಹೋಗಿರುತ್ತಿತ್ತು. ಟಬ್ಬಿನ ಅಂಚಿನಲ್ಲಿ ಕೂತು ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು, ಟವಲು ಕೊಡು, ದೀಪ ಆರಿಸು ಎಂದು ಬೆರಳಿನಲ್ಲೇ ಹೇಳುತ್ತಿದ್ದೆ. ಆದರೂ ಮಲಗುವ ಮುಂಚೆ ಒಂದು ಮಾತು ನನಗೆಂದು ಉಳಿಸಿಕೊಂಡಿರುತ್ತಿದ್ದೆ. ಆ ಒಂದು ಮಾತಿಗಾಗಿ ನಾನು ಇಡೀ ದಿನ ಜನರ ಹಿಂದೆ ನಡೆಯುತ್ತಿದ್ದೆ ಅತ್ತೆ. ಈ ಸಲದ ಟೂರಿನಲ್ಲಿ, ಬಸ್ಸಿನೊಳಗೆ ನೀನು ಬಲಕ್ಕೆ ಕೈ ತೋರಿಸಿ ಎಡಕ್ಕೆ ನೋಡಿ ಎಂದೆಯಂತೆ, ನದಿಯನ್ನು ಕುರ್ಚಿ ಎಂದೆಯಂತೆ, ಎಲ್ಲರೂ ತಮಾಷೆ ಎಂದುಕೊಂಡು ನಕ್ಕರಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಚಮಚ ಕೈಯಿಂದ ಜಾರಿ ಬಿದ್ದು ನೀನು ಅದನ್ನೇ ನೋಡುತ್ತ ಕೂತೆಯಂತೆ. ಆಮೇಲೆ ಯಾರೂ ನಗಲಿಲ್ಲವಂತೆ. ನಿನ್ನ ಟೂರ್ ಆಫೀಸಿನವರು ಬೇರೆ ಮ್ಯಾನೇಜರನ್ನು ಕಳಿಸಿ ಗುಂಪನ್ನು ಮುಂದಕ್ಕೆ ಹೊರಡಿಸಿದರು. ನೀನು ಒಬ್ಬಳೇ ಆ ಊರಿನ ಆಸ್ಪತ್ರೆಯಲ್ಲಿ ಉಳಿದೆ.

ಈಗ ಬರೆಯಲೇಬೇಕಾದ್ದು. ಗುಂಪಿನ ಟೈಮು, ಗಾಡಿ ಟೈಮು ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಲೆಕ್ಕ ಒಂದಿತ್ತಲ್ಲ. ಬಸ್ಸು ಒಂಬತ್ತಕ್ಕೆ ಹೊರಡುವುದಿದ್ದರೆ ನೀನು ಎಲ್ಲರಿಗೂ ಎಂಟಕ್ಕೆ ಎನ್ನುತ್ತಿದ್ದೆ. ಅವರು ತಡ ಮಾಡಿಕೊಂಡು ಸರಿಯಾದ ಹೊತ್ತಿಗೆ ಬಂದು ಸಾರಿ ಮೇಡಂ ಎನ್ನುತ್ತಿದ್ದರು, ನೀನು ದೊಡ್ಡ ಮನಸ್ಸು ಮಾಡಿದವಳ ಹಾಗೆ ಕ್ಷಮಿಸುತ್ತಿದ್ದೆ. ಇದು ಸುಳ್ಳಲ್ಲ, ಬೆಳೆಯುವ ಹುಡುಗಿಯ ಲಂಗಕ್ಕೆ ಒಳಗಡೆ ಬಟ್ಟೆ ಮಡಿಸಿ ಬಿಡ್ತಾರಲ್ಲ, ಹಾಗೆ ಎನ್ನುತ್ತಿದ್ದೆ. ಆ ಅಭ್ಯಾಸ ನಿನಗೆ ಟೂರಿನ ಹೊರಗೂ ಅಂಟಿಕೊಂಡಿತ್ತು. ಹಾಸ್ಟೆಲ್ಲಿಗೆ ಬೆಳಿಗ್ಗೆಯೇ ಬರುತ್ತೇನೆ ರೆಡಿ ಇರು ಎಂದರೆ ಮಧ್ಯಾಹ್ನ ಬರುತ್ತಿದ್ದೆ, ಶನಿವಾರ ಎಂದರೆ ಭಾನುವಾರ. ನೀನು ಹೇಳಿದ ಯಾವ ಹೊತ್ತನ್ನೂ ಇದ್ದ ಹಾಗೆ ಕೇಳಿಸಿಕೊಳ್ಳುವುದನ್ನೇ ನಾನು ಬಿಟ್ಟುಬಿಟ್ಟಿದ್ದೆ. ಕಿವಿಗೆ ಬೀಳುವಾಗಲೇ ಒಂದಿಷ್ಟು ಕೂಡಿಸಿಕೊಳ್ಳುತ್ತಿದ್ದೆ.

ಕಳೆದ ಶನಿವಾರ ನೀನು ಫೋನ್ ಮಾಡಿ, 'ಬುಧವಾರ ನನ್ನ ಪಕ್ಕದಲ್ಲಿರು, ಗುರುವಾರ ಒಳಗೆ ಕರ್ಕೊಂಡು ಹೋಗ್ತಾರೆ' ಅಂದೆ. ಮಧ್ಯೆ ಮಧ್ಯೆ ತಡವರಿಸುತ್ತಿದ್ದೆ, ಲೈನ್ ಸರಿಯಿಲ್ಲ ಅಂದುಕೊಂಡೆ. ನನ್ನ ತಲೆಯಲ್ಲಿ ಬುಧವಾರ ಹೋಗಿ ಗುರುವಾರವಾಯಿತು, ಗುರುವಾರ ಹೋಗಿ ಶುಕ್ರವಾರವೋ ಶನಿವಾರವೋ ಆಯಿತು. ಮಂಗಳವಾರ ಕೆಮಿಸ್ಟ್ರಿ ಪ್ರಾಕ್ಟಿಕಲ್ ಇತ್ತು. ತಪ್ಪಿಸಿಕೊಂಡರೆ ಮೊದಲ ವರ್ಷವೇ ಕೈಬಿಟ್ಟು ಹೋಗುತ್ತದೆ ಎಂದು ನನಗೆ ಹೆದರಿಕೆ. ನನ್ನ ಹೆದರಿಕೆ ನಿನಗೆ ಗೊತ್ತಲ್ಲ, ಪರೀಕ್ಷೆ ಎಂದರೆ ಊಟ ಸೇರುವುದಿಲ್ಲ. ಅತ್ತೆ ಹೇಗಿದ್ದರೂ ಒಂದು ದಿನ ಮಡಿಸಿ ಬಿಟ್ಟಿರುತ್ತಾಳೆ, ಪ್ರಾಕ್ಟಿಕಲ್ ಮುಗಿಸಿಯೇ ಹೊರಟರಾಯಿತು ಎಂದು ನಿನ್ನ ಆಫೀಸಿನವರಿಗೆ ಹೇಳಿ ಟಿಕೆಟ್ ಮುಂದಕ್ಕೆ ಹಾಕಿಸಿದೆ. ಅಪ್ಪ ಅಂಗಡಿಯಲ್ಲಿ ಯಾರದೋ ಕನ್ನಡಕಕ್ಕೆ ಗಾಜು ಕೂರಿಸುತ್ತ, 'ಅವಳು ಹೇಳಿದ್ದು ಬುಧವಾರ ಅಲ್ವೇನಮ್ಮ?' ಎಂದಷ್ಟೇ ಕೇಳಿದರು. ನಿಮಗೆ ಅತ್ತೆ ವಿಷಯ ಗೊತ್ತಿಲ್ಲ ಸುಮ್ಮನಿರಿ ಎಂದೆ. ನಿನ್ನ ಒಡಹುಟ್ಟಿದ ಅಣ್ಣನಿಗೆ ನಾನು ಹೇಳಿದ ಮಾತು ಅದು. ಪ್ರಾಕ್ಟಿಕಲ್ ಚೆನ್ನಾಗಿ ಆಯಿತು. ದ್ರಾವಣ ಬಣ್ಣ ತಿರುಗುವ ಹನಿಯಲ್ಲೇ ಸರಿಯಾಗಿ ನಿಲ್ಲಿಸಿದೆ, ಎಕ್ಸಾಮಿನರ್ ಗುಡ್ ಅಂದರು. ನಿನ್ನೆ ಮೊದಲ ವಿಮಾನ ಹತ್ತುವ ಮೊದಲು ವಾರ್ಡಿಗೆ ಫೋನ್ ಮಾಡಿದೆ. ಡಾಕ್ಟರು ಸಿಕ್ಕಿದ್ದು ಆಗಲೇ. ಗುರುವಾರ ಅಂದರೆ ಗುರುವಾರವೇ ಆಗಿತ್ತು. ನೀನು ಒಂದು ಗಂಟೆಯನ್ನೂ ಮಡಿಸಿಟ್ಟುಕೊಳ್ಳದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ. ಅಷ್ಟು ಹೆದರಿದ್ದೆಯಾ ಅತ್ತೆ? ನೀನೂ ಹೆದರುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ. ಆದರೂ ಬೆಳಿಗ್ಗೆ ಇಳಿದು ಓಡಿದರೆ ಸಿಗುತ್ತೀಯ ಎಂದು ಲೆಕ್ಕ ಹಾಕಿಕೊಂಡಿದ್ದೆ. ಅದಕ್ಕೆ ಈ ಮಂಜು ಅಡ್ಡ ಬಂತು.

ಸೂಟ್‌ಕೇಸ್ ಕಳೆದರೆ ಏನು ಮಾಡಬೇಕು, ಪಾಸ್‌ಪೋರ್ಟು ಕಳೆದರೆ ಯಾರನ್ನು ಕೇಳಬೇಕು, ಜ್ವರ ಬಂದರೆ ಯಾವ ಮಾತ್ರೆ, ಎಲ್ಲ ಕಲಿಸಿದೆ. ಹೀಗೆ ಕೂರಬೇಕಾಗಿ ಬಂದರೆ ಹೇಗೆ ಕೂರಬೇಕು ಎಂದು ಯಾಕೆ ಕಲಿಸಲಿಲ್ಲ? ನಿನ್ನ ಮೇಲೆ ಸಿಟ್ಟು ಬರುತ್ತಿದೆ. ಸಿಟ್ಟು ಮಾಡಿಕೊಂಡದ್ದಕ್ಕೆ ಅಳು ಬರುತ್ತಿದೆ. ಪಕ್ಕದಲ್ಲಿ ಕೂತಿದ್ದವರು ಚೀಲ ಎತ್ತಿಕೊಂಡು ಬೇರೆ ಬೆಂಚಿಗೆ ಹೋದರು.

ಅಪ್ಪ ನಿನಗೆ ಓದುವ ಕನ್ನಡಕ ಮಾಡಿಕೊಟ್ಟಿದ್ದಾರೆ, ಈ ಕಾಗದ ಅದನ್ನು ಹಾಕಿಕೊಂಡೇ ಓದು. ಸ್ಟೂಲ್ ಹತ್ತಿದರೆ ತಲೆ ಸುತ್ತುವ ಮನುಷ್ಯ, ಪಾಸ್‌ಪೋರ್ಟು ಮಾಡಿಸು ಎಂದು ತಂಗಿ ಬಡಕೊಂಡರೂ ಕೇಳಲಿಲ್ಲವಲ್ಲ ಎಂದು ಏರ್‌ಪೋರ್ಟಿನ ಬಾಗಿಲ ತನಕ ತಮ್ಮನ್ನೇ ಬೈದುಕೊಂಡು ಬಂದರು. ತಂಗಿಗೆ ಅವರ ಆಶೀರ್ವಾದ, ನನ್ನ ಕಡೆಯಿಂದ ನಿನ್ನ ಎರಡೂ ಕಾಲಿಗೆ ನಮಸ್ಕಾರ. ಬೇಗ ಗುಣವಾಗು ಎಂದು ಬರೆಯಲು ಕೈ ಬರುತ್ತಿಲ್ಲ. ಬೇಗ ನನ್ನನ್ನು ಬೈ, ಅಷ್ಟೇ.

ನಿನ್ನ
ಬಾಲ

ವಿ.ಸೂ.: ಕಾಗದ ಮಡಿಸುತ್ತಿರುವಾಗ ಡಾಕ್ಟರ ಫೋನು ಬಂತು. ಹುಡುಗಿ ಬರುವ ತನಕ ಒಳಗೆ ಹೋಗುವುದಿಲ್ಲ ಎಂದು ನೀನು ಮಂಚದ ಕಂಬಿ ಹಿಡಿದು ಕೂತಿದ್ದೀಯಂತೆ. ಇವತ್ತು ಬಿಟ್ಟರೆ ಮುಂದಿನ ವಾರ, ಅಷ್ಟು ದಿನ ಗಂಟು ಸುಮ್ಮನಿರುವುದಿಲ್ಲ, ನೀವೇ ಒಪ್ಪಿಸಬೇಕು ಎಂದರು. ನನ್ನ ಫ್ಲೈಟು ಸಂಜೆಗೆ ಮುಂಚೆ ಇಲ್ಲ. ನರ್ಸ್ ಫೋನನ್ನು ನಿನ್ನ ಕಿವಿಗೆ ಹಿಡಿದಳು. ಇಲ್ಲಿಯ ಅನೌನ್ಸ್‌ಮೆಂಟ್ ನಿನಗೆ ಕೇಳಿಸಬಾರದೆಂದು ನಾನು ಸ್ವೆಟರಿನೊಳಗೆ ಮುಖ ಹುದುಗಿಸಿಕೊಂಡು, ಬಂದೆ ಅತ್ತೆ, ಆಸ್ಪತ್ರೆಯ ಕೆಳಗೇ ಇದ್ದೀನಿ, ಲಿಫ್ಟ್ ಬರ್ತಿಲ್ಲ, ಮೆಟ್ಟಿಲು ಹತ್ತಿ ಬರ್ತಿದೀನಿ, ನೀನು ಹೊರಡು ಎಂದೆ. ನೀನು ನಂಬಿದೆ. 'ಓಡಬೇಡ, ನಿಧಾನ ಹತ್ತು. ನಾನು ಹೋಗಿ ಬರ್ತೀನಿ' ಅಂದೆ. ಒಂದು ಪದವೂ ತಪ್ಪಲಿಲ್ಲ. ಅತ್ತೆ, ನಾನು ಕೆಳಗೆ ಇರಲಿಲ್ಲ. ಇದೇ ಬೆಂಚಿನ ಮೇಲೆ ಇದ್ದೆ.