ಅಮರೇಶ ಜೋಡಿಸಿದ ಮೂಲಿ

ಏನ್ರೀ,

ಗಬ್ಬೂರ ಬಸ್ಸಿಗೆ ಹೊಂಟೀನಿ, ಸಾಲಿ ಇವತ್ತು ಜಲ್ದಿ ಅದ. ಈಗರ ಕಣ್ಣು ಮುಚ್ಚೀರಿ ಅಂತ ಎಬ್ಬಸಲಿಲ್ಲ. ರೊಟ್ಟಿ ಬುಟ್ಟ್ಯಾಗ ಅವ, ಪುಂಡಿಪಲ್ಯ ಬಿಸಿ ಮಾಡಿಕೊಳ್ರಿ. ಬರೇ ಚಾ ಕುಡದು ಕುಂದ್ರಬ್ಯಾಡ್ರಿ.

ಬಾಗಲವಾಡದ ಗಡಿಗೆಪ್ಪನೋರು ಹನ್ನೆರಡಕ್ಕ ಕಾರು ತರ್ತಾರ. ಕಾರಿನ ಸ್ಪೀಕರ್ ಕೂಡ್ರಸೂ ಅವರ ಕಟಗಿ ವೂಫರ್ ಬಾಕ್ಸ್ ಇವತ್ತರ ಮುಗಿಸಿ ಕೊಡ್ರಿ ಅಂತ ಬರಿಯೋಳಿದ್ದೆ. ಅದರ ಮೂರು ಮೂಲಿ ನೀವು ಜೋಡಿಸಿದ್ದು, ಒಂದು ನಿಮ್ಮ ತಮ್ಮ ಅಮರೇಶ ತೀರಿಕೊಳ್ಳೂ ಹಿಂದಿನ ದಿನ ಜೋಡಿಸಿದ್ದು. ಹಾಡು ಹಚ್ಚಿ, ಸಂದಿಗೆ ಊದಿನಕಡ್ಡಿ ಹಿಡದು, ಗಾಳಿ ಎಲ್ಲಿ ಸೋರ್ತದ ಅಂತ ಹೊಗಿ ನೋಡೂದು, ಸೋರಿದಲ್ಲಿ ಗಮ್ ಹಚ್ಚಿ ಮುಚ್ಚೂದು ನಿಮ್ಮ ಕೆಲಸದ ಪದ್ಧತಿ, ನನಗೂ ಗೊತ್ತದ. ಆದರ ನಿನ್ನೆ ರಾತ್ರಿ ಅವನ ಮೂಲ್ಯಾಗ ಹೊಗಿ ಬಾಗಿದ್ದಕ್ಕ 'ತಮ್ಮ ಉಸಿರಾಡಾಕತ್ತಾನ' ಅಂದ್ರಲ್ಲ, ಸಿಟ್ಟು ಬಂತು. ಅದು ಫ್ಯಾನಿನ ಗಾಳಿ, ಮೂರು ವಾರದಿಂದ ನಿದ್ದಿಲ್ಲ ನಿಮಗ, ಅಂತ ಬೈದೆ.

ನನ್ನ ಮಾತೇ ಖರೆ ಅಂತ ತೋರಸಾಕ ಮುಂಜಾನಿ ನಾನೇ ಕಡ್ಡಿ ಹಚ್ಚಿದೆ. ಫ್ಯಾನ್ ಬಂದ್ ಮಾಡಿದೆ, ಕಿಟಕಿ ಮುಚ್ಚಿದೆ. ಹಾಡೂ ಹಚ್ಚಿರಲಿಲ್ಲ. ನಿಮ್ಮ ಮೂರೂ ಮೂಲ್ಯಾಗ ಹೊಗಿ ನೆಟ್ಟಗ ಮ್ಯಾಲೆ ಹೋತು. ಅವನ ಮೂಲ್ಯಾಗ ಬಾಗಿತು, ನೆಟ್ಟಗಾತು, ಮತ್ತ ಬಾಗಿತು.

ಕಡ್ಡಿ ಮುಗಿಯೂ ತನಕ ಅಲ್ಲೇ ಕುಂತೆ. ಒಂದು ಬಸ್ಸು ಹೋಗೇ ಬಿಡ್ತು.

ಗಡಿಗೆಪ್ಪನೋರಿಗೆ ಫೋನ್ ಹಚ್ಚಿ, ಬ್ಯಾರೆ ಬಾಕ್ಸ್ ಮಾಡಿ ಕೊಡ್ತೀನಿ ಅಂತ ಹೇಳ್ರಿ.

ಆ ಸಂದಿಗೆ ಮಾತ್ರ ಗಮ್ ಹಚ್ಚಬ್ಯಾಡ್ರಿ.

ಶಶಿಕಲಾ