ಅಪ್ಪ ಮೂಸಿದ ಮೂರನೆಯ ವಿಸ್ಕಿ

ಗಂಗಾವತಿ, ಜನವರಿ ೧೮, ಭಾನುವಾರ

ಕೊರೊನಾ ಬಂದುಹೋದಾಗಿನಿಂದ ಅಪ್ಪನಿಗೆ ವಾಸನೆಯೇ ತಿಳಿಯುವುದಿಲ್ಲ. ಮೂಸಿ ನೋಡಿಯೇ ಅಕ್ಕಿ ಕೊಳ್ಳುತ್ತಿದ್ದ ವ್ಯಾಪಾರಿ ಅವರು. ಆ ಕೊರಗು ನನ್ನನ್ನೂ ಬಿಟ್ಟಿಲ್ಲ.

ಸಂಜೆ ನನ್ನ ಗಂಡ ಪ್ರಭುರಾಜ ಐರ್ಲೆಂಡಿನ ಮೂರು ಬಗೆಯ ವಿಸ್ಕಿ ತಂದು ಅಪ್ಪನ ಮುಂದಿಟ್ಟರು. ಮೊದಲನೆಯದು ಹಲವು ವಿಸ್ಕಿ ಬೆರೆಸಿದ ಬ್ಲೆಂಡ್; ಬರೀ ನುಣುಪು ಅಂದರು ಅಪ್ಪ. ಬರೀ ಮೊಳಕೆ ಬಾರ್ಲಿಯ ಸಿಂಗಲ್ ಮಾಲ್ಟ್ ನಾಲಿಗೆಗೆ ಸಿಹಿಯಾಯಿತಂತೆ. ಮೂರನೆಯದು ಪಾಟ್ ಸ್ಟಿಲ್. ಮೊಳಕೆ ಬಾರ್ಲಿಯ ಜೊತೆ ಹಸಿ ಬಾರ್ಲಿಯನ್ನೂ ಹಾಕಿ ಬಟ್ಟಿ ಇಳಿಸಿದ್ದು. ಅದನ್ನು ಮೂಗಿಗೆ ಹಿಡಿದವರು ಹಾಗೇ ಕೂತುಬಿಟ್ಟರು.

"ಸುರೇಖಾ, ಇದರಾಗ ಹಸಿ ಕಾಳಿನ ವಾಸನಿ ಐತಲ್ಲವ್ವ."

ಎಲ್ಲಿಯದೋ ನಾಡಿನ ಆ ಬಟ್ಟಿ ಇಳಿಸಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಊಟ ಆರಿದರೂ ಅಪ್ಪ ಗ್ಲಾಸು ಕೆಳಗಿಡಲಿಲ್ಲ.

"ಕುಡಿಯಂಗಿಲ್ಲೇನ್ರಿ ಮಾವಾರ?" ಎಂದು ಪ್ರಭು ಕೇಳಿದರು.

"ಕುಡದ್ರ ಮುಗದ ಹೋಗತೈತ್ರಿ, ಅಳಿಯಾರ."